ನಾಸದೀಯ ಸೂಕ್ತದ 'ಅಸತ್' ಅಂದ್ರೆ ಏನೂ ಇಲ್ಲ ಅಂತಾನಾ? ಸೃಷ್ಟಿ ಬಗ್ಗೆ ವೇದ, ಉಪನಿಷತ್ತು ನಿಜವಾಗ್ಲೂ ಏನ್ ಹೇಳುತ್ತೆ?

ಕುತೂಹಲಿ

ಎಲ್ರಿಗೂ ನಮಸ್ಕಾರ. ಒಂದ್ ತಿಂಗಳಿಂದ ತಲೆ ಕೊರೀತಿರೋ ವಿಷಯ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಮ್ಮಪ್ಪ ದಿನಾ ಸಂಧ್ಯಾವಂದನೆ ಮಾಡ್ತಾರೆ, ನಮ್ದು ಋಗ್ವೇದದ ಕ್ರಮ. ಅದ್ರಲ್ಲಿ 'ಋತಂ ಚ ಸತ್ಯಂ ಚಾಭೀದ್ಧಾತ್ತಪಸೋಽಧ್ಯಜಾಯತ' ಅಂತ ಬರುತ್ತೆ. ಚಿಕ್ಕ ವಯಸ್ಸಿಂದ ಕಿವಿಗೆ ಬಿದ್ದಿದೆ, ಆದ್ರೆ ಅದು ಸೃಷ್ಟಿ ಹೇಗಾಯ್ತು ಅಂತ ಹೇಳೋ ಸೂಕ್ತ (10ನೇ ಮಂಡಲ, 190) ಅಂತ ಗೊತ್ತಾಗಿದ್ದು ಮೊನ್ನೆ ಮೊನ್ನೆ. ಅದೂ ಹೇಗೆ ಅಂದ್ರೆ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಒಂದು ಫಾರ್ವರ್ಡ್ ಬಂತು, ಬಿಗ್ ಬ್ಯಾಂಗ್ ವೇದದಲ್ಲಿ ಮೊದಲೇ ಇತ್ತು ಅಂತ. ನಿಜಾನಾ ನೋಡೋಣ ಅಂತ ಮೂಲಾನೇ ಅನುವಾದದ ಜೊತೆ ಇಟ್ಕೊಂಡು ಓದಕ್ಕೆ ಕೂತೆ.

ಈಗ ಇನ್ನೂ ಗೊಂದಲ ಆಗಿದೆ. ನಾಸದೀಯ ಸೂಕ್ತ (10.129) ಶುರುವಾಗೋದೇ ಆಗ ಅಸತ್ತೂ (ಇಲ್ಲದ್ದು) ಇರ್ಲಿಲ್ಲ ಸತ್ತೂ (ಇರೋದು) ಇರ್ಲಿಲ್ಲ ಅಂತ. ಅದೇ ಮಂಡಲದ 72ನೇ ಸೂಕ್ತದಲ್ಲಿ 'ಅಸತಃ ಸದಜಾಯತ', ಅಸತ್ತಿಂದ ಸತ್ತು ಹುಟ್ತು ಅಂತಿದೆ. ತೈತ್ತಿರೀಯ ಉಪನಿಷತ್ತಲ್ಲೂ ಮೊದಲು ಅಸತ್ತೇ ಇತ್ತು ಅಂತ ಬರುತ್ತೆ. ಛಾಂದೋಗ್ಯದಲ್ಲಿ ಉದ್ದಾಲಕರು ಮಗನಿಗೆ, ಅಸತ್ತಿಂದ ಸತ್ತು ಹೇಗಪ್ಪಾ ಹುಟ್ಟಕ್ಕೆ ಸಾಧ್ಯ ಅಂತ ಸೀದಾ ಕೇಳ್ತಾರೆ. ಹಾಗಾದ್ರೆ ಯಾವ್ದು ಸರಿ? ಇವ್ರೆಲ್ಲ ಒಂದೇ ಮಾತು ಹೇಳ್ತಿದ್ದಾರಾ, ಇಲ್ಲ ಒಬ್ಬರಿಗೊಬ್ಬರು ಎದುರು ಮಾತಾಡ್ತಿದ್ದಾರಾ? ಅಪ್ಪನ್ನ ಕೇಳ್ದೆ, ನೀನೇ ಓದಿ ನನಗೂ ಹೇಳು ಅಂದ್ರು.

ಹಳೇ_ಪುಟ

ತುಂಬಾ ಒಳ್ಳೆ ಪ್ರಶ್ನೆ. ಮೊದಲು ನಾಸದೀಯದ ಬಗ್ಗೆ ಮಾತ್ರ ಬರೀತೀನಿ, ಯಾಕಂದ್ರೆ ಅದನ್ನ ಅರ್ಧ ಓದಿ ಬಿಡೋರೇ ಜಾಸ್ತಿ.

ಒಟ್ಟು 7 ಋಕ್ಕು, ತ್ರಿಷ್ಟುಪ್ ಛಂದಸ್ಸು, ಋಷಿ ಪರಮೇಷ್ಠೀ ಪ್ರಜಾಪತಿ ಅಂತ ಅನುಕ್ರಮಣಿ (ಸೂಕ್ತಗಳ ಋಷಿ, ಛಂದಸ್ಸು ಹೇಳೋ ಹಳೇ ಪಟ್ಟಿ) ಹೇಳುತ್ತೆ. ಮೊದಲ ಎರಡು ಋಕ್ಕು ಪೂರ್ತಿ 'ಇರ್ಲಿಲ್ಲ, ಇರ್ಲಿಲ್ಲ' ಅಂತಾನೇ ಹೋಗುತ್ತೆ ನೋಡಿ. ಅಂತರಿಕ್ಷ ಇರ್ಲಿಲ್ಲ, ಅದರಾಚೆಗಿನ ವ್ಯೋಮ ಇರ್ಲಿಲ್ಲ, ಸಾವಿರ್ಲಿಲ್ಲ, ಸಾವಿಲ್ಲದ್ದೂ ಇರ್ಲಿಲ್ಲ, ರಾತ್ರಿ ಹಗಲಿನ ಗುರುತೂ ಇರ್ಲಿಲ್ಲ. ಹೀಗೆ ಒಂದೊಂದೇ ತೆಗೆದಿಡ್ತಾ ಬಂದು ಎರಡನೇ ಋಕ್ಕಲ್ಲಿ 'ಆನೀದವಾತಂ ಸ್ವಧಯಾ ತದೇಕಂ' ಅಂತಾನೆ. ಗಾಳಿ ಇಲ್ದೇನೇ ತನ್ನ ಸ್ವಂತ ಶಕ್ತಿಯಿಂದ ಉಸಿರಾಡ್ತಿತ್ತು, ಆ ಒಂದು. ಅದು ದೇವರು ಅಂತ ಹೇಳಲ್ಲ, ಹೆಸರಿಲ್ಲ, ಗಂಡೋ ಹೆಣ್ಣೋ ಇಲ್ಲ, ಬರೀ 'ಅದು'. ನನಗೆ ಈ ಸಾಲು ಓದ್ದಾಗೆಲ್ಲ ಮೈ ಜುಮ್ ಅನ್ನುತ್ತೆ.

ಮೂರನೇದ್ರಲ್ಲಿ ಕತ್ತಲೇನ ಕತ್ತಲೆ ಮುಚ್ಚಿತ್ತು, ಎಲ್ಲಾ ಗುರುತಿಲ್ಲದ ನೀರು, ಆಮೇಲೆ ತಪಸ್ಸಿನ ಮಹಿಮೆಯಿಂದ ಆ ಒಂದು ಹುಟ್ತು. ನಾಲ್ಕನೇದ್ರಲ್ಲಿ ಕಾಮ ಬರುತ್ತೆ, ಮನಸ್ಸಿನ ಮೊದಲ ಬೀಜ ಅದು ಅಂತ. ಅದರ ಮುಂದಿನ ಅರ್ಧ ಸಾಲೇ ನಿಮ್ಮ ಪ್ರಶ್ನೆಗೆ ಹತ್ತಿರ ಇರೋದು, 'ಸತೋ ಬಂಧುಮಸತಿ ನಿರವಿಂದನ್ ಹೃದಿ ಪ್ರತೀಷ್ಯಾ ಕವಯೋ ಮನೀಷಾ', ಅಂದ್ರೆ ಕವಿಗಳು ತಮ್ಮ ಹೃದಯದಲ್ಲಿ ಹುಡುಕಿ ಸತ್ತಿನ ನಂಟನ್ನ ಅಸತ್ತಲ್ಲಿ ಕಂಡುಕೊಂಡ್ರು. ಮೊದಲ ಸಾಲಲ್ಲಿ ಎರಡೂ ಇರ್ಲಿಲ್ಲ ಅಂದವನೇ ಇಲ್ಲಿ ಎರಡಕ್ಕೂ ನಂಟು ಹಾಕ್ತಾನೆ. ಹಾಗಾಗಿ ಅಸತ್ ಅನ್ನೋ ಪದಕ್ಕೆ 'ಶುದ್ಧ ಏನೂ ಇಲ್ಲ' ಅಂತ ಅರ್ಥ ಇಟ್ಕೊಂಡ್ರೆ ಈ ಸೂಕ್ತದೊಳಗೇ ಕೂರಲ್ಲ.

ಆರು ಮತ್ತೆ ಏಳು ಬಗ್ಗೆ ಆಮೇಲೆ ಬರೀತೀನಿ, ಕೆಲಸಕ್ಕೆ ಹೊರಟೆ.

ನಕ್ಷತ್ರ_ಪ್ರೇಮಿ

ಆದ್ರೂ ಸರ್, ತಪಸ್ಸು ಅಂದ್ರೆ ಶಾಖ ಅಂತಾನೂ ಅರ್ಥ ಇದ್ಯಲ್ಲ? ಗುರುತೇ ಇಲ್ಲದ ಕತ್ತಲೆ, ಅದರಲ್ಲಿ ಶಾಖ, ಶಾಖದಿಂದ ಒಂದು ಹುಟ್ಟಿ ಎಲ್ಲಾ ಕಡೆ ಹರಡ್ತು. ಇದು ಬಿಗ್ ಬ್ಯಾಂಗ್ ಅಲ್ದೆ ಇನ್ನೇನು? ಹಿರಣ್ಯಗರ್ಭ ಅಂದ್ರೂ ಅದೇ ಹೊಳೆಯೋ ಮೊಟ್ಟೆ. ನಮ್ಮೋರು ಹೇಳಿದ್ದನ್ನ ನಾವೇ ಒಪ್ಪದೆ ಇದ್ರೆ ಹೇಗೆ? ಜಿನೀವಾದ ಸರ್ನ್ ಸಂಶೋಧನಾ ಕೇಂದ್ರದಲ್ಲಿ 2004ರಿಂದ ನಟರಾಜನ ವಿಗ್ರಹ ನಿಂತಿದೆ, ಅವರು ಸುಮ್ಮನೆ ಇಟ್ಕೊಂಡಿದ್ದಾರಾ?

ಫಿಸಿಕ್ಸ್_ಮೇಷ್ಟ್ರು

ನಕ್ಷತ್ರ_ಪ್ರೇಮಿ ಅವ್ರೇ, ನಿಮ್ಮ ಅಭಿಮಾನ ನನಗೂ ಇದೆ, ನಾನೂ ನಾಸದೀಯ ಬಾಯಿಪಾಠ ಮಾಡಿದೋನು. ಆದ್ರೆ 20 ವರ್ಷದಿಂದ ಭೌತಶಾಸ್ತ್ರ ಪಾಠ ಮಾಡ್ತಿದ್ದೀನಿ, ಈ ಹೋಲಿಕೆಯಿಂದ ಎರಡಕ್ಕೂ ಅನ್ಯಾಯ ಆಗುತ್ತೆ ಅನ್ಸುತ್ತೆ, ಅದಕ್ಕೆ ಹೇಳ್ತಿದ್ದೀನಿ.

ಬಿಗ್ ಬ್ಯಾಂಗ್ ಅಂದ್ರೆ ಕತ್ತಲಲ್ಲಿ ಒಂದು ಮೊಟ್ಟೆ ಒಡೀತು ಅಂತಲ್ಲ. ದೂರದ ಗ್ಯಾಲಕ್ಸಿಗಳು ನಮ್ಮಿಂದ ದೂರ ದೂರ ಹೋಗ್ತಿವೆ, ಎಷ್ಟು ದೂರ ಇದ್ರೆ ಅಷ್ಟು ವೇಗ, ಇದನ್ನ 1920ರ ದಶಕದಲ್ಲಿ ಅಳೆದು ನೋಡಿದ್ರು. ಹಾಗಾದ್ರೆ ಹಿಂದಕ್ಕೆ ಹೋದಷ್ಟೂ ಎಲ್ಲಾ ಹತ್ತಿರ, ಬಿಸಿ, ದಟ್ಟ. ಆ ಬಿಸಿ ಕಾಲದ ಉಳಿಕೆ ಬೆಳಕು ಇವತ್ತಿಗೂ ಆಕಾಶದ ಎಲ್ಲಾ ದಿಕ್ಕಿಂದ ಬರ್ತಾ ಇದೆ, ತಣ್ಣಗಾಗಿ ಈಗ ಸುಮಾರು 2.7 ಕೆಲ್ವಿನ್. 1965ರಲ್ಲಿ ಪೆಂಜಿಯಾಸ್ ಮತ್ತೆ ವಿಲ್ಸನ್ ಅದನ್ನ ಪತ್ತೆ ಮಾಡಿದ್ದನ್ನ ಪ್ರಕಟಿಸಿದ್ರು. ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ ಅನ್ನೋದು ಇಂಥ ಅಳತೆಗಳಿಂದ ಬಂದಿರೋದು, ನಾಳೆ ಇನ್ನೂ ನಿಖರವಾದ ಅಳತೆ ಬಂದ್ರೆ ಆ ಸಂಖ್ಯೆ ಸ್ವಲ್ಪ ಆಚೀಚೆ ಆಗುತ್ತೆ.

ಇನ್ನೊಂದು ಮಾತು. ತೀರಾ ಮೊದಲ ಕ್ಷಣ ಏನಾಯ್ತು, ಅದಕ್ಕೂ 'ಮೊದಲು' ಅನ್ನೋದು ಇತ್ತಾ, ಇದಕ್ಕೆ ಪರೀಕ್ಷೆ ಮಾಡಿ ನೋಡಿದ ಉತ್ತರ ಭೌತಶಾಸ್ತ್ರದ ಹತ್ರ ಇಲ್ಲ. ನಾಸದೀಯದ ಋಷಿ ನಿಂತಿರೋದು ಸರಿಯಾಗಿ ಆ ಜಾಗದಲ್ಲಿ. ಅವನು ವಿಸ್ತರಣೆ ಬಗ್ಗೆ ಮಾತಾಡ್ತಾ ಇಲ್ಲ, ಇರುವಿಕೆ ಅನ್ನೋದೇ ಯಾಕೆ ಇದೆ ಅಂತ ಕೇಳ್ತಿದ್ದಾನೆ. ಅದನ್ನ ತಂದು ಬಿಗ್ ಬ್ಯಾಂಗಿಗೆ ಅಂಟಿಸಿದ್ರೆ ಅವನ ಪ್ರಶ್ನೆ ಚಿಕ್ಕದಾಗಿ ಹೋಗುತ್ತೆ. ನಾಳೆ ಸಿದ್ಧಾಂತ ಬದಲಾಯ್ತು ಅಂದ್ರೆ ಸೂಕ್ತಾನ ಮತ್ತೆ ಬೇರೆ ಕಡೆ ಅಂಟಿಸ್ಬೇಕಾ?

ಸರ್ನ್ ನಟರಾಜ ಭಾರತ ಸರ್ಕಾರ ಉಡುಗೊರೆ ಕೊಟ್ಟಿದ್ದು, ಜೂನ್ 18, 2004ರಲ್ಲಿ ಅನಾವರಣ ಆಯ್ತು. ಸೃಷ್ಟಿ ಲಯದ ಕುಣಿತಕ್ಕೂ ಕಣಗಳು ಹುಟ್ಟಿ ಅಳಿಯೋದಕ್ಕೂ ಇರೋ ಸುಂದರವಾದ ಹೋಲಿಕೆ ಅದು. ಅಷ್ಟು ಸಾಕು, ಅದನ್ನ ಪುರಾವೆ ಅಂತ ತೋರ್ಸೋದು ಬೇಡ.

ಪಂಚಾಂಗ_ಪ್ರಿಯ

ಮೇಷ್ಟ್ರೇ ಸರಿಯಾಗಿ ಹೇಳಿದ್ರಿ. ಇದೇ ಥರ ಇನ್ನೊಂದು ಓಡಾಡುತ್ತೆ, 'ಭೂಮಿ ವಯಸ್ಸು 432 ಕೋಟಿ ವರ್ಷ ಅಂತ ನಮ್ಮ ಪುರಾಣ ಹೇಳಿತ್ತು, ವಿಜ್ಞಾನ 454 ಕೋಟಿ ಅನ್ನುತ್ತೆ, ನೋಡಿ ಎಷ್ಟು ಹತ್ರ' ಅಂತ. ಲೆಕ್ಕಾನೇ ತಪ್ಪಿದೆ. 432 ಕೋಟಿ ಅನ್ನೋದು ಒಂದು ಕಲ್ಪದ ಪೂರ್ತಿ ಉದ್ದ, ಅಂದ್ರೆ ಬ್ರಹ್ಮನ ಒಂದು ಹಗಲು. ಕಳೆದಿರೋ ಕಾಲ ಅಲ್ಲ!

ಸಂಕಲ್ಪ ಹೇಳೋರು ದಿನಾ ಹೇಳ್ತೀವಲ್ಲ, ದ್ವಿತೀಯ ಪರಾರ್ಧೇ, ಶ್ವೇತವರಾಹ ಕಲ್ಪೇ, ವೈವಸ್ವತ ಮನ್ವಂತರೇ, ಅಷ್ಟಾವಿಂಶತಿತಮೇ ಕಲಿಯುಗೇ ಅಂತ, ಅದೇ ನಮ್ಮ ವಿಳಾಸ. ಸೂರ್ಯಸಿದ್ಧಾಂತ ಅನ್ನೋ ಹಳೇ ಜ್ಯೋತಿಷ ಗ್ರಂಥದ ಲೆಕ್ಕ ಹಿಡಿದು ಹೋಗೋಣ. ಕಲಿಯುಗ 4,32,000 ವರ್ಷ, ದ್ವಾಪರ ಅದರ ಎರಡರಷ್ಟು, ತ್ರೇತಾ ಮೂರರಷ್ಟು, ಕೃತ ನಾಲ್ಕರಷ್ಟು. ಒಟ್ಟು ಸೇರಿ ಮಹಾಯುಗ 43,20,000. ಒಂದು ಮನ್ವಂತರಕ್ಕೆ (ಒಬ್ಬ ಮನುವಿನ ಕಾಲ) 71 ಮಹಾಯುಗ, ಕಲ್ಪಕ್ಕೆ 14 ಮನ್ವಂತರ, ಅಲ್ಲಿಗೆ 994 ಆಯ್ತು. ಸಾವಿರಕ್ಕೆ 6 ಕಡಿಮೆ ಬಂತಲ್ಲ, ಅದಕ್ಕೇ ಮನ್ವಂತರಗಳ ಹಿಂದೆ ಮುಂದೆ 15 ಸಂಧಿ ಇಟ್ಟಿದ್ದಾರೆ, ಒಂದೊಂದು ಸಂಧಿ ಕೃತಯುಗದಷ್ಟು ಅಂದ್ರೆ 17,28,000 ವರ್ಷ. ಹದಿನೈದನ್ನ ಗುಣಿಸಿ ನೋಡಿ, ಸರಿಯಾಗಿ 6 ಮಹಾಯುಗ ಬರುತ್ತೆ. ಮೊದಲ ಸಲ ಇದನ್ನ ಕೈಯಾರೆ ಲೆಕ್ಕ ಮಾಡ್ದಾಗ ಆದ ಸಂತೋಷ ಇನ್ನೂ ನೆನಪಿದೆ.

ಈಗ ಕಳೆದಿದ್ದೆಷ್ಟು? 6 ಮನ್ವಂತರ, 7 ಸಂಧಿ, ಏಳನೇ ಮನ್ವಂತರದಲ್ಲಿ 27 ಮಹಾಯುಗ, 28ನೇದರ ಮೂರು ಯುಗ, ಆಮೇಲೆ ಕ್ರಿ.ಪೂ. 3102ರಿಂದ ಕಲಿಯಲ್ಲಿ ಕಳೆದ ಐದು ಸಾವಿರ ಚಿಲ್ಲರೆ ವರ್ಷ. ಎಲ್ಲಾ ಕೂಡಿದ್ರೆ ಸುಮಾರು 197 ಕೋಟಿ 29 ಲಕ್ಷ 49 ಸಾವಿರ. ಅಂದ್ರೆ ಶಾಸ್ತ್ರದ ಲೆಕ್ಕದಲ್ಲೇ ಈ ಕಲ್ಪ ಶುರುವಾಗಿ 197 ಕೋಟಿ ಚಿಲ್ಲರೆ, 432 ಅಲ್ಲ, 454ರ ಹತ್ರಾನೂ ಇಲ್ಲ. ಜೊತೆಗೆ ಬ್ರಹ್ಮ ಸೃಷ್ಟಿ ಮಾಡಕ್ಕೇ 1,70,64,000 ವರ್ಷ ತಗೊಂಡ ಅಂತ ಸೂರ್ಯಸಿದ್ಧಾಂತ ಅದನ್ನೂ ಕಳೀತದೆ. ಆರ್ಯಭಟನ ಲೆಕ್ಕ ಮತ್ತೆ ಬೇರೆ, ಅವನು ಮನುವಿಗೆ 72 ಯುಗ ಇಟ್ಟು ಕಲ್ಪಕ್ಕೆ 1,008 ಮಾಡ್ತಾನೆ, ಸಂಧಿಗಳೇ ಬೇಕಾಗಲ್ಲ.

ಈ ದೊಡ್ಡ ಸಂಖ್ಯೆ ಯಾವ್ದೂ ಋಗ್ವೇದದಲ್ಲಿಲ್ಲ ಅನ್ನೋದೂ ಗೊತ್ತಿರ್ಲಿ, ಯುಗದ ಲೆಕ್ಕ ಹೀಗೆ ಬೆಳೆದಿದ್ದು ಮನುಸ್ಮೃತಿ, ಮಹಾಭಾರತ, ಪುರಾಣ, ಸಿದ್ಧಾಂತಗಳಲ್ಲಿ. ಆದ್ರೆ 4,32,000 ಅನ್ನೋ ಅಂಕಿ ಶತಪಥ ಬ್ರಾಹ್ಮಣದಲ್ಲಿ ಸಿಗುತ್ತೆ, ಕಾಲದ ಲೆಕ್ಕವಾಗಿ ಅಲ್ಲ, ಋಕ್ಕುಗಳ ಅಕ್ಷರದ ಲೆಕ್ಕವಾಗಿ! ಬೃಹತೀ ಛಂದಸ್ಸಿನ ಲೆಕ್ಕದಲ್ಲಿ 12,000, ಒಂದಕ್ಕೆ 36 ಅಕ್ಷರ. ಅದೇ ಜಾಗದಲ್ಲಿ ವರ್ಷಕ್ಕೆ 10,800 ಮುಹೂರ್ತ, ಅಗ್ನಿಚಯನದ (ಯಜ್ಞದ ವೇದಿ ಕಟ್ಟೋದು) ಇಟ್ಟಿಗೆ 10,800 ಅಂತಾನೂ ಬರುತ್ತೆ. ಅಕ್ಷರ, ಇಟ್ಟಿಗೆ, ಕಾಲ ಮೂರನ್ನೂ ಒಂದೇ ದಾರದಲ್ಲಿ ಪೋಣಿಸ್ತಿದ್ರು ಅವ್ರು.

ನಕ್ಷತ್ರ_ಪ್ರೇಮಿ

432 ಕೋಟಿ ಫಾರ್ವರ್ಡ್ ನಾನೇ ಎಷ್ಟೋ ಜನಕ್ಕೆ ಕಳ್ಸಿದ್ದೆ. ನೀವು ಹೇಳಿದ ಹಾಗೇ ಕೂತು ಗುಣಿಸಿದೆ, 15 ಸಂಧಿಗೆ ಸರಿಯಾಗಿ 2,59,20,000 ಬಂತು. ಕಳ್ಸಿದೋರಿಗೆಲ್ಲ ಈ ಲೆಕ್ಕಾನೂ ಕಳಿಸ್ತೀನಿ. ಧನ್ಯವಾದ ಸರ್.

ಆಲದ_ಬೀಜ

ಕುತೂಹಲಿ ಅವ್ರ ಮೂಲ ಪ್ರಶ್ನೆ ಹಾಗೇ ಉಳಿದುಹೋಗ್ತಿದೆ, ಅದಕ್ಕೆ ಬರ್ತೀನಿ.

ಛಾಂದೋಗ್ಯದ ಆರನೇ ಅಧ್ಯಾಯ ಪೂರ್ತಿ ಓದಿ, ಆ ಒಂದು ವಾಕ್ಯ ಮಾತ್ರ ಅಲ್ಲ. ಶ್ವೇತಕೇತು 12ನೇ ವಯಸ್ಸಲ್ಲಿ ಗುರುಕುಲಕ್ಕೆ ಹೋಗಿ 24ಕ್ಕೆ ವಾಪಸ್ ಬರ್ತಾನೆ, ಎಲ್ಲಾ ವೇದ ಓದಿದೀನಿ ಅನ್ನೋ ಗರ್ವದಲ್ಲಿ. ಅಪ್ಪ ಉದ್ದಾಲಕ ಅವನನ್ನ ಕೂರಿಸ್ಕೊಂಡು 'ಸದೇವ ಸೋಮ್ಯೇದಮಗ್ರ ಆಸೀತ್', ಮಗೂ ಮೊದಲು ಇದೆಲ್ಲ ಸತ್ತೇ ಆಗಿತ್ತು, ಒಂದೇ, ಎರಡನೇದು ಇಲ್ಲದ್ದು ಅಂತಾನೆ. ತಕ್ಷಣ 'ತದ್ಧೈಕ ಆಹುಃ', ಕೆಲವರು ಅಸತ್ತೇ ಇತ್ತು ಅಂತಾರೆ ಅಂತ ಎದುರು ಪಕ್ಷಾನೂ ಹೇಳಿ, ಆಮೇಲೆ 'ಕಥಮಸತಃ ಸಜ್ಜಾಯೇತ' ಅಂತ ಕೇಳ್ತಾನೆ. ಹಾಗಾಗಿ ಹೌದು, ಎದುರು ಮಾತೇ ಅದು. ಆ ಕಾಲದಲ್ಲೇ ಎರಡು ಅಭಿಪ್ರಾಯ ಇದ್ವು, ಜಗಳ ನಡೀತಿತ್ತು, ಉಪನಿಷತ್ತು ಅದನ್ನ ಮುಚ್ಚಿಟ್ಟಿಲ್ಲ. ಅದೇ ಛಾಂದೋಗ್ಯದ ಮೂರನೇ ಅಧ್ಯಾಯದಲ್ಲೇ (3.19) ಮೊದಲು ಅಸತ್ತಿತ್ತು, ಅದು ಸತ್ತಾಯ್ತು, ಮೊಟ್ಟೆ ಆಯ್ತು, ಒಂದು ವರ್ಷ ಹಾಗೇ ಇದ್ದು ಒಡೀತು, ಬೆಳ್ಳಿ ಚಿಪ್ಪು ಭೂಮಿ ಆಯ್ತು ಬಂಗಾರದ ಚಿಪ್ಪು ಆಕಾಶ ಆಯ್ತು ಅಂತಿದೆ. ಒಂದೇ ಪುಸ್ತಕದೊಳಗೆ ಎರಡೂ!

ಇದನ್ನ ಹೊಂದಿಸಿದ್ದು ಭಾಷ್ಯಕಾರರು. ಶಂಕರರು ಅಂಥ ಕಡೆ ಅಸತ್ ಅಂದ್ರೆ ಪೂರ್ತಿ ಇಲ್ಲದ್ದು ಅಂತಲ್ಲ, ನಾಮ ರೂಪ ಇನ್ನೂ ಬಿಡಿಸಿಕೊಳ್ಳದ ಸ್ಥಿತಿ ಅಂತ ಅರ್ಥ ಮಾಡ್ತಾರೆ.

ನನಗೆ ಮಾತ್ರ ಅದಕ್ಕಿಂತ ಉದ್ದಾಲಕನ ಆಲದ ಹಣ್ಣೇ ಮನಸ್ಸಿಗೆ ನಾಟಿದ್ದು. ಹಣ್ಣು ತಾ ಅಂತಾನೆ, ಒಡಿ ಅಂತಾನೆ, ಏನು ಕಾಣುತ್ತೆ? ಸಣ್ಣ ಸಣ್ಣ ಬೀಜ. ಒಂದು ಬೀಜ ಒಡಿ, ಏನು ಕಾಣುತ್ತೆ? 'ನ ಕಿಂಚನ ಭಗವಃ', ಏನೂ ಇಲ್ಲ ಸ್ವಾಮಿ. ನಿನಗೆ ಕಾಣದ ಆ ಸೂಕ್ಷ್ಮದಿಂದಾನೇ ಈ ದೊಡ್ಡ ಆಲದ ಮರ ನಿಂತಿರೋದು ಅಂತಾನೆ ಅಪ್ಪ. ಮಗ 'ಏನೂ ಇಲ್ಲ' ಅಂದ ಜಾಗದಲ್ಲೇ ಅಪ್ಪ 'ಇದೆ' ಅಂದ. ಅಸತ್ ಸತ್ ಜಗಳ ಪೂರ್ತಿ ಆ ಬೀಜದೊಳಗೆ ಇದೆ ಅನ್ಸುತ್ತೆ ನನಗೆ. ನೋಡೋನ ಕಡೆಯಿಂದ ಹೇಳಿದ್ರೆ ಅಸತ್ತು, ಮರದ ಕಡೆಯಿಂದ ಹೇಳಿದ್ರೆ ಸತ್ತು.

ಉಡುಪಿ_ಕಡೆಯೋಳು

ಆಲದ_ಬೀಜ ಅವ್ರೇ ಚೆನ್ನಾಗಿ ಬರ್ದಿದೀರಿ, ಒಂದು ಸೇರಿಸ್ಬೇಕು. ಭಾಷ್ಯಕಾರರು ಅಂದ ತಕ್ಷಣ ಅದ್ವೈತ ಮಾತ್ರ ಆಗ್ಬಾರ್ದು. ಜಗತ್ತಿಗೆ ಮಡಕೆಗೆ ಮಣ್ಣಿದ್ದ ಹಾಗೆ ಯಾವುದು ಉಪಾದಾನ, ಕುಂಬಾರ ಇದ್ದ ಹಾಗೆ ಯಾವುದು ನಿಮಿತ್ತ ಅನ್ನೋದೇ ಇಲ್ಲಿ ದೊಡ್ಡ ಪ್ರಶ್ನೆ. ಶಂಕರರಿಗೆ ಬ್ರಹ್ಮಾನೇ (ಪರಬ್ರಹ್ಮ, ನಾಲ್ಕು ಮುಖದ ಬ್ರಹ್ಮ ಅಲ್ಲ) ಎರಡೂ, ಮುಂಡಕ ಉಪನಿಷತ್ತಿನ ಜೇಡ ತನ್ನೊಳಗಿಂದಾನೇ ನೂಲು ತೆಗೆದು ಮತ್ತೆ ಒಳಗೇ ಎಳ್ಕೊಳ್ಳುತ್ತಲ್ಲ ಹಾಗೆ. ರಾಮಾನುಜರಿಗೂ ಎರಡೂ ಬ್ರಹ್ಮಾನೇ, ಆದ್ರೆ ಜೀವ ಜಡ ಎರಡೂ ಅವನ ಶರೀರ. ಮಧ್ವಾಚಾರ್ಯರು ಇದನ್ನ ಒಪ್ಪಲ್ಲ, ಜಡ ಪ್ರಕೃತಿ ಅನಾದಿ, ಅದು ಯಾವಾಗ್ಲೂ ಇದೆ, ಹರಿ ನಿಮಿತ್ತ ಕಾರಣ, ಅವನ ಅಧೀನದಲ್ಲಿ ಅದು ರೂಪ ತಗೊಳ್ಳುತ್ತೆ. ಹಾಗಾಗಿ ಮೂವರಲ್ಲಿ ಯಾರನ್ನ ಕೇಳಿದ್ರೂ 'ಶೂನ್ಯದಿಂದ ಸೃಷ್ಟಿ' ಅನ್ನೋ ಮಾತು ಇಲ್ಲ. ಅಪ್ಪಾವ್ರು ಹೇಳೋ 190ನೇ ಸೂಕ್ತದಲ್ಲೇ 'ಸೂರ್ಯಾಚಂದ್ರಮಸೌ ಧಾತಾ ಯಥಾಪೂರ್ವಮಕಲ್ಪಯತ್' ಅಂತ ಇದೆ ನೋಡಿ, ಹಿಂದೆ ಇದ್ದ ಹಾಗೇ ಸೂರ್ಯ ಚಂದ್ರರನ್ನ ರೂಪಿಸಿದ. ನಾನು ಓದಿದ ಪರಂಪರೆಯಲ್ಲಿ ಆ 'ಯಥಾಪೂರ್ವಂ' ಪದಕ್ಕೆ ತುಂಬಾ ಬೆಲೆ, ಹಿಂದೆಯೂ ಸೃಷ್ಟಿ ಇತ್ತು ಅನ್ನೋದಕ್ಕೆ ಅದೇ ಆಧಾರ.

ಮರಗೆಲಸದ_ಮನೆ

ಇಷ್ಟು ಹೊತ್ತು ಓದ್ತಾ ಕೂತಿದ್ದೆ, ಸಂಸ್ಕೃತ ನನಗೆ ಅಷ್ಟಾಗಿ ಬರಲ್ಲ, ಕನ್ನಡ ಅನುವಾದದಲ್ಲಿ ಓದಿರೋದು. ನಮ್ಮಜ್ಜ ಬಡಗಿ. ಹಾಗಾಗಿ ನನ್ನ ಕಣ್ಣಿಗೆ ಬೀಳೋದೇ ಬೇರೆ. ಈ ಸೂಕ್ತಗಳಲ್ಲಿ ಎಷ್ಟೊಂದು ಕೈಕೆಲಸ ಇದೆ ಗೊತ್ತಾ? 72ನೇ ಸೂಕ್ತದಲ್ಲಿ ಬ್ರಹ್ಮಣಸ್ಪತಿ ಕಮ್ಮಾರ ತಿದಿ ಊದ್ದಂಗೆ ಊದಿ ಇದನ್ನೆಲ್ಲ ಬೆಸೆದ ಅಂತಿದೆ. ನಾಸದೀಯದ ಐದನೇ ಋಕ್ಕಲ್ಲಿ ಅಡ್ಡಕ್ಕೆ ದಾರ ಎಳೆದಿತ್ತು, ಕೆಳಗಿತ್ತಾ ಮೇಲಿತ್ತಾ ಅಂತ ಬರುತ್ತೆ, ಓದಿದ ತಕ್ಷಣ ಅಜ್ಜ ಮರದ ಮೇಲೆ ದಾರ ಹಿಡಿದು ಗೆರೆ ಹೊಡೀತಿದ್ದದ್ದೇ ಕಣ್ಮುಂದೆ ಬಂತು. ಬೃಹದಾರಣ್ಯಕದಲ್ಲಂತೂ ಮೊದಲು ಏನೂ ಇರ್ಲಿಲ್ಲ, ಎಲ್ಲಾನೂ ಸಾವು ಮುಚ್ಚಿತ್ತು, ಹಸಿವು ಮುಚ್ಚಿತ್ತು, ಹಸಿವೇ ಸಾವು ಅಂತಿದೆ. ಹಸಿವಿಂದ ಸೃಷ್ಟಿ ಶುರು ಮಾಡಿದವನು ಹಸಿವು ಕಂಡೋನೇ ಇರ್ಬೇಕು ಅನ್ಸುತ್ತೆ.

ಆದ್ರೆ ನನಗೆ ತುಂಬಾ ಇಷ್ಟ 81ನೇ ಸೂಕ್ತ, ವಿಶ್ವಕರ್ಮನದು. 'ಕಿಂ ಸ್ವಿದ್ವನಂ ಕ ಉ ಸ ವೃಕ್ಷ ಆಸ', ಭೂಮಿ ಆಕಾಶಾನ ಕೆತ್ತಿದ್ರಲ್ಲ, ಅದಕ್ಕೆ ಮರ ಯಾವ್ದು, ಯಾವ ಕಾಡಿಂದ ತಂದಿದ್ದು? ಎಲ್ಲಿ ನಿಂತ್ಕೊಂಡು ಕೆತ್ತಿದ? ಕೆಲಸ ಗೊತ್ತಿರೋನು ಮಾತ್ರ ಕೇಳೋ ಪ್ರಶ್ನೆ ಇದು. ಈ ಪ್ರಶ್ನೆಗೆ ಎಲ್ಲಾದ್ರೂ ಉತ್ತರ ಇದ್ಯಾ? ತಿಳಿದೋರು ಹೇಳಿ.

ಹಳೇ_ಪುಟ

ಅದಕ್ಕೆ ಬರ್ತೀನಿ ತಂಗಿ, ಮೊದಲು ಬಾಕಿ ಇಟ್ಟಿದ್ದು ಮುಗಿಸ್ತೀನಿ.

ನಾಸದೀಯದ ಆರನೇ ಋಕ್ಕು, 'ಕೋ ಅದ್ಧಾ ವೇದ', ನಿಜವಾಗಿ ಯಾರಿಗೆ ಗೊತ್ತು, ಇಲ್ಲಿ ಯಾರು ಹೇಳಬಲ್ಲರು? ದೇವತೆಗಳೂ ಈ ಸೃಷ್ಟಿ ಆದಮೇಲೆ ಬಂದೋರೇ, ಹಾಗಾದ್ರೆ ಯಾರಿಗೆ ಗೊತ್ತು? ಏಳನೇದು, ಈ ಸೃಷ್ಟಿ ಎಲ್ಲಿಂದ ಬಂತೋ, ಅವನು ಮಾಡಿದ್ನೋ ಇಲ್ವೋ, ಮೇಲಿನ ವ್ಯೋಮದಲ್ಲಿ ಇದರ ಅಧ್ಯಕ್ಷ ಯಾರಿದ್ದಾನೋ ಅವನಿಗೆ ಗೊತ್ತು, 'ಯದಿ ವಾ ನ ವೇದ', ಇಲ್ಲಾ ಅವನಿಗೂ ಗೊತ್ತಿಲ್ಲ. ವಿಜಯನಗರ ಕಾಲದ ಸಾಯಣಾಚಾರ್ಯರು ಭಾಷ್ಯ ಬರೀವಾಗ ಸರ್ವಜ್ಞನಾದ ಈಶ್ವರನಿಗೆ ಮಾತ್ರ ಗೊತ್ತು, ಬೇರೆ ಯಾರಿಗೂ ಇಲ್ಲ ಅನ್ನೋ ಕಡೆಗೆ ಅರ್ಥ ತಿರುಗಿಸ್ತಾರೆ. ದೊಡ್ಡವರು ಅವರು, 14ನೇ ಶತಮಾನದಲ್ಲಿ ಅವರು ಆ ಭಾಷ್ಯ ಬರೀದೆ ಇದ್ದಿದ್ರೆ ನಮಗೆ ವೇದದ ಅರ್ಥ ಎಷ್ಟೋ ಕಡೆ ಸಿಕ್ತಾನೇ ಇರ್ಲಿಲ್ಲ. ಆದ್ರೂ ಇಲ್ಲಿ ನಾನು ಮೂಲದ ಪಕ್ಷ, ಋಷಿ ಬಾಗಿಲು ತೆರೆದಿಟ್ಟು ಹೋಗಿದ್ದಾನೆ, ಅದನ್ನ ನಾವು ಮುಚ್ಚೋದು ಬೇಡ.

ಒಂದು ಸಣ್ಣ ವಿಷಯ, ಜೋರಾಗಿ ಹೇಳಿ ಅಕ್ಷರ ಎಣಿಸಿ ನೋಡಿ. ತ್ರಿಷ್ಟುಪ್ ಅಂದ್ರೆ ಪಾದಕ್ಕೆ 11. 'ನಾಸದಾಸೀನ್ನೋ ಸದಾಸೀತ್ತದಾನೀಂ', ಹನ್ನೊಂದು. 'ಇಯಂ ವಿಸೃಷ್ಟಿರ್ಯತ ಆಬಭೂವ', ಹನ್ನೊಂದು. 'ಯದಿ ವಾ ದಧೇ ಯದಿ ವಾ ನ', ಒಂಬತ್ತೇ! ಮಾಡಿದ್ನೋ ಇಲ್ವೋ ಅನ್ನೋ ಜಾಗದಲ್ಲೇ ಎರಡಕ್ಷರ ಖಾಲಿ.

ಕುತೂಹಲಿ

ಇವತ್ತು ಬೆಳಿಗ್ಗೆ ಅಪ್ಪನ ಜೊತೆ ಕೂತು ಎಣಿಸಿದ್ವಿ. ಅಪ್ಪ ಬೆರಳು ಮಡಚ್ತಾ ಎಣಿಸಿದ್ರು, ಒಂಬತ್ತಕ್ಕೆ ನಿಂತ್ರು, ಮತ್ತೆ ಮೊದಲಿಂದ ಎಣಿಸಿದ್ರು. ಮುಂದಿನ ಪಾದದಲ್ಲಿ 'ವ್ಯೋಮನ್' ಹತ್ರಾನೂ ಒಂದು ಕಡಿಮೆ ಬಂತು, ಹತ್ತೇ ಆಯ್ತು, ಅದು ಯಾಕೆ?

ಆಮೇಲೆ ಆಲದ ಬೀಜದ ವಿಷಯ ಓದಿ ಹೇಳ್ದೆ. ಅಪ್ಪ ತುಂಬಾ ಹೊತ್ತು ಏನೂ ಮಾತಾಡ್ಲಿಲ್ಲ, ಸಂಜೆ ಅವರೇ ಬಂದು ಆ ಮರಗೆಲಸದ ಹುಡುಗಿ ಕೇಳಿದ್ದಕ್ಕೆ ಉತ್ತರ ಬಂತಾ ಅಂತ ಕೇಳಿದ್ರು.

ಹಳೇ_ಪುಟ

'ವ್ಯೋಮನ್' ಅನ್ನೋದನ್ನ 'ವಿಯೋಮನ್' ಅಂತ ಬಿಡಿಸಿ ಓದಿದ್ರೆ ಹನ್ನೊಂದು ತುಂಬುತ್ತೆ, ಹಳೇ ಛಂದಸ್ಸಲ್ಲಿ ಇದು ಮಾಮೂಲಿ. 'ಯದಿ ವಾ ನ'ದಲ್ಲಿ ಹಾಗೆ ಬಿಡಿಸಕ್ಕೆ ಏನೂ ಇಲ್ಲ.

ಮರದ ಪ್ರಶ್ನೆಗೆ ಋಗ್ವೇದದಲ್ಲಿ ಮುಂದಿನ 82ನೇ ಸೂಕ್ತ ನೋಡಿದ್ರೆ 'ನ ತಂ ವಿದಾಥ ಯ ಇಮಾ ಜಜಾನ' ಅಂತ ಸಿಗುತ್ತೆ, ಇದನ್ನೆಲ್ಲ ಹುಟ್ಟಿಸಿದವನನ್ನ ನೀವು ಅರಿಯಲಾರಿರಿ, ನಿಮ್ಮ ನಡುವೆ ಬೇರೆ ಏನೋ ಬಂದಿದೆ, ಮಂಜು ಮುಚ್ಚಿದೆ ಅಂತ. ಆದ್ರೆ ಯಜುರ್ವೇದದೋರು ಉತ್ತರ ಕೊಟ್ಟಿದ್ದಾರೆ. ತೈತ್ತಿರೀಯ ಬ್ರಾಹ್ಮಣದ ಎರಡನೇ ಅಷ್ಟಕದಲ್ಲಿ (2.8.9) ನಾಸದೀಯ ಸೂಕ್ತಾನ ಪೂರ್ತಿ ಹೇಳಿ, ಅದಾದ ಮೇಲೆ ಅದೇ ಬಡಗಿಯ ಪ್ರಶ್ನೆ ಕೇಳಿ, 'ಬ್ರಹ್ಮ ವನಂ ಬ್ರಹ್ಮ ಸ ವೃಕ್ಷ ಆಸ' ಅಂತ ಹೇಳುತ್ತೆ. ಬ್ರಹ್ಮಾನೇ ಕಾಡು, ಬ್ರಹ್ಮಾನೇ ಆ ಮರ.

ಮರಗೆಲಸದ_ಮನೆ

ಕಾಡೂ ಅದೇ, ಮರಾನೂ ಅದೇ. ಹಾಗಾದ್ರೆ ಉಳಿನೂ ಅದೇನಾ ಅಂತ ಅಜ್ಜ ಇದ್ದಿದ್ರೆ ಖಂಡಿತ ಕೇಳ್ತಿದ್ರು. ತುಂಬಾ ಧನ್ಯವಾದ ಅಣ್ಣ, ಆ ಭಾಗ ಹುಡುಕಿ ಓದ್ತೀನಿ.